ಮನುಷ್ಯ ಸ್ವಭಾವ, ಕಲಹ ಮತ್ತು ಶಾಂತಿ

ಕಲಹದ ಬೇರು ಮನುಷ್ಯನ ಸ್ವಭಾವದಲ್ಲಿದೆಯೋ ಅಥವಾ ಅವನು ಕಟ್ಟಿಕೊಂಡ ಸಮಾಜದಲ್ಲಿದೆಯೋ ಎಂಬುದು ತತ್ತ್ವಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಶಾಂತಿಯನ್ನು ಎಲ್ಲಿ ಹುಡುಕಬೇಕು ಎಂಬುದು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿದೆ. ಹಿಂಸೆ ಹುಟ್ಟುಗುಣ ಎನ್ನುವವರು ಅದನ್ನು ಅಂಕೆಯಲ್ಲಿಡುವ ಅಧಿಕಾರವನ್ನು ಬಯಸುತ್ತಾರೆ. ಅದು ಸಮಾಜದ ಕೊಡುಗೆ ಎನ್ನುವವರು ಸಮಾಜವನ್ನೇ ತಿದ್ದಲು ಹೊರಡುತ್ತಾರೆ. ಮನಸ್ಸಿನ ಕ್ಲೇಶ ಎನ್ನುವವರು ಒಳಗಿನ ಸಾಧನೆಯತ್ತ ತಿರುಗುತ್ತಾರೆ. ಎರಡೂವರೆ ಸಾವಿರ ವರ್ಷಗಳಲ್ಲಿ ಭಾರತ, ಚೀನಾ, ಯೂರೋಪುಗಳಲ್ಲಿ ಈ ಮೂರು ನಿಲುವುಗಳೂ ಬೆಳೆದಿವೆ. ಕಳೆದ ನೂರು ವರ್ಷಗಳಲ್ಲಿ ಮನಶ್ಶಾಸ್ತ್ರ, ಪುರಾತತ್ತ್ವ, ಪ್ರಾಣಿವಿಜ್ಞಾನಗಳೂ ಈ ಚರ್ಚೆಗೆ ಸಾಕ್ಷ್ಯ ಒದಗಿಸಿವೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ತಿಳಿಯಾಗುತ್ತದೆ: ಸ್ವಭಾವದ ಬಗ್ಗೆ ತೀರ್ಪು ಏನೇ ಇರಲಿ, ಶಾಂತಿ ತಾನಾಗಿ ಒದಗುವುದಿಲ್ಲ, ಅದನ್ನು ಮನುಷ್ಯರೇ ಕಟ್ಟಬೇಕು, ಮನುಷ್ಯರೇ ಕಾಯಬೇಕು.

ಬಯಕೆಯಿಂದ ಬಡಿಗೆಯವರೆಗೆ

ಬೌದ್ಧ ಸಾಹಿತ್ಯದಲ್ಲಿ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ. ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ದೇವತೆಗಳ ಒಡೆಯ ಸಕ್ಕನು ಬುದ್ಧನ ಮುಂದೆ ಒಂದು ಸಂದೇಹವಿಡುತ್ತಾನೆ. ಎಲ್ಲ ಜೀವಿಗಳೂ ವೈರವಿಲ್ಲದೆ ಬಾಳಬೇಕೆಂದೇ ಬಯಸುತ್ತವೆ, ಆದರೂ ವೈರದಲ್ಲೇ ಬಾಳುತ್ತವೆ, ಇದೇಕೆ? ಅಸೂಯೆ ಮತ್ತು ಜಿಪುಣತನ ಎಂಬ ಎರಡು ಕಟ್ಟುಗಳೇ ಕಾರಣ ಎಂದು ಬುದ್ಧ ಉತ್ತರಿಸಿ, ಅವುಗಳ ಮೂಲವನ್ನು ಇಷ್ಟ ಮತ್ತು ಅನಿಷ್ಟಗಳಲ್ಲಿ, ಅವುಗಳ ಮೂಲವನ್ನು ಬಯಕೆಯಲ್ಲಿ ತೋರಿಸುತ್ತಾ ಹೋಗುತ್ತಾನೆ. ಅದೇ ನಿಕಾಯದ ಮಹಾನಿದಾನ ಸುತ್ತ ಇದನ್ನು ಸರಪಳಿಯಾಗಿ ಜೋಡಿಸುತ್ತದೆ. ತೃಷ್ಣೆಯಿಂದ ಹುಡುಕಾಟ, ಹುಡುಕಾಟದಿಂದ ಲಾಭ, ಲಾಭದಿಂದ ಮೋಹ, ಮೋಹದಿಂದ ಸ್ವಾಮ್ಯ, ಸ್ವಾಮ್ಯದಿಂದ ಕಾವಲು; ಕಾವಲಿನಿಂದ ಕೋಲು, ಆಯುಧ, ಜಗಳ, ಸುಳ್ಳು. ಹಿಂಸೆ ಇಲ್ಲಿ ಮೂಲಗುಣವಲ್ಲ, ಒಂದು ಕಾರಣಮಾಲೆಯ ಕೊನೆಯ ಕೊಂಡಿ. ಕಾರಣಗಳಿಂದ ಹುಟ್ಟಿದ್ದನ್ನು ಕಾರಣಗಳನ್ನು ಕಡಿದು ನಿಲ್ಲಿಸಬಹುದು ಎಂಬುದು ಬೌದ್ಧ ಭರವಸೆ.

ರೋಹಿಣಿ ನದಿಯ ಜಗಳದ ಕಥೆ ಈ ವಿವರಣೆಗೆ ಒಳ್ಳೆಯ ನಿದರ್ಶನ. ಪಾಲಿ ಅಟ್ಠಕಥೆಗಳು ಹೇಳುವಂತೆ, ಶಾಕ್ಯರು ಮತ್ತು ಕೋಲಿಯರು ಒಂದೇ ಅಣೆಕಟ್ಟಿನ ನೀರಿನಿಂದ ಬೇಸಾಯ ಮಾಡುತ್ತಿದ್ದರು. ಬೇಸಗೆಯಲ್ಲಿ ಪೈರು ಬಾಡತೊಡಗಿದಾಗ ಎರಡೂ ಕಡೆಯ ಆಳುಗಳು ನೀರು ತಮಗೆ ಮೊದಲು ಬೇಕೆಂದು ಜಗಳಕ್ಕೆ ನಿಂತರು. ಮಾತಿಗೆ ಮಾತು ಬೆಳೆದು, ಒಬ್ಬರು ಇನ್ನೊಬ್ಬರ ರಾಜಕುಲವನ್ನು ಹೀಯಾಳಿಸಿದರು. ಸುದ್ದಿ ಅಧಿಕಾರಿಗಳಿಗೆ, ಅಲ್ಲಿಂದ ರಾಜಕುಲಗಳಿಗೆ ಮುಟ್ಟಿ ಸೈನ್ಯಗಳು ಎದುರುಬದುರಾದವು. ಬುದ್ಧ ನಡುವೆ ಬಂದು ಜಗಳ ಯಾವುದಕ್ಕೆಂದು ಕೇಳಿದರೆ ಅರಸರಿಗೆ ಗೊತ್ತಿರಲಿಲ್ಲ. ಸೇನಾಪತಿಗೂ ಗೊತ್ತಿರಲಿಲ್ಲ. ವಿಚಾರಿಸುತ್ತಾ ಕೆಳಗಿಳಿದು ಆಳುಗಳನ್ನು ಕೇಳಿದಾಗ ನೀರಿನ ವಿಷಯ ಹೊರಬಂತು. ನೀರಿಗೂ ಕ್ಷತ್ರಿಯರ ಪ್ರಾಣಕ್ಕೂ ಯಾವುದಕ್ಕೆ ಬೆಲೆ ಹೆಚ್ಚು ಎಂದು ಬುದ್ಧ ಕೇಳಿದ ಮೇಲೆ ಆಯುಧಗಳು ಕೆಳಗಿಳಿದವು. ಕಥೆಯ ಸೂಕ್ಷ್ಮ ಇರುವುದು ಜಗಳ ಏರಿದ ಬಗೆಯಲ್ಲಿ. ಕೊರತೆಯಿಂದ ಹುಟ್ಟಿದ್ದು ಮಾನದ ಪ್ರಶ್ನೆಯಾಗಿ ಬೆಳೆಯಿತು. ಮಾನದ ಪ್ರಶ್ನೆಯಾದ ಮೇಲೆ ಮೂಲ ಕಾರಣವೇ ಮರೆತುಹೋಯಿತು.

ಜೈನಚಿಂತನೆ ಅಹಿಂಸೆಯನ್ನು ಪರಮಧರ್ಮವೆಂದು ಹಿಡಿದು, ಅದರ ಜೊತೆಗೆ ಅಪರಿಗ್ರಹ ಮತ್ತು ಅನೇಕಾಂತವಾದವನ್ನು ಇಟ್ಟಿತು. ಕೂಡಿಡುವ ಆಸೆ ಕಡಿಮೆಯಾಗದೆ ಹಿಂಸೆ ಕಡಿಮೆಯಾಗದು. ಸತ್ಯದ ಒಂದು ಮುಖವನ್ನಷ್ಟೇ ಕಂಡವನು ಅದೇ ಪೂರ್ಣವೆಂದು ಹಟ ಹಿಡಿದರೆ ಜಗಳ ತಪ್ಪದು. ಪಂಪನು 941ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ಬರುವ ಭರತ ಬಾಹುಬಲಿಯರ ಪ್ರಸಂಗ ಕನ್ನಡಿಗರಿಗೆ ಚಿರಪರಿಚಿತ. ಅಣ್ಣತಮ್ಮಂದಿರ ಹಟಕ್ಕೆ ಸೈನ್ಯಗಳು ಬಲಿಯಾಗಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಮೂರರಲ್ಲೂ ಗೆದ್ದ ಬಾಹುಬಲಿ, ಸೋತ ಅಣ್ಣ ಚಕ್ರವನ್ನೇ ಪ್ರಯೋಗಿಸಿದ್ದನ್ನು ಕಂಡು ರಾಜ್ಯಮೋಹ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆಂದು ಅರಿತು ಎಲ್ಲವನ್ನೂ ತ್ಯಜಿಸುತ್ತಾನೆ. ಹಿಂಸೆಯನ್ನು ನಿಯಮದಿಂದ ಕುಗ್ಗಿಸುವುದು ಮತ್ತು ಅದರ ಬೇರನ್ನೇ ಕೀಳುವುದು ಎಂಬ ಎರಡು ಹಂತಗಳು ಈ ಒಂದೇ ಕಥೆಯಲ್ಲಿವೆ. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿ ಅನೇಕ ಯುದ್ಧಗಳನ್ನು ಮಾಡಿದವನು ಎಂಬುದೂ ಗಮನಾರ್ಹ.

ದಂಡ ಮತ್ತು ಧಮ್ಮ

ಭಾರತೀಯ ರಾಜನೀತಿ ಇನ್ನೊಂದು ದಾರಿ ಹಿಡಿಯಿತು. ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂಬ ಮತ್ಸ್ಯನ್ಯಾಯವೇ ಕೌಟಿಲ್ಯನ ಅರ್ಥಶಾಸ್ತ್ರದ ಆಧಾರಕಲ್ಪನೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿ ಆರ್. ಶಾಮಶಾಸ್ತ್ರಿಗಳ ಕೈಸೇರಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅದು ಮುದ್ರಣವಾಯಿತು. ಆದರೆ ಕೌಟಿಲ್ಯನೂ ದಂಡವನ್ನು ಮಿತಿಯಿಲ್ಲದೆ ಹೊಗಳಲಿಲ್ಲ. ದಂಡ ಅತಿಯಾದರೆ ಪ್ರಜೆಗಳು ಸಿಡಿದೇಳುತ್ತಾರೆ, ಮೆದುವಾದರೆ ಯಾರೂ ಲೆಕ್ಕಿಸುವುದಿಲ್ಲ, ತಕ್ಕಷ್ಟಿದ್ದರೆ ಮಾತ್ರ ಮನ್ನಣೆ ಎಂಬುದು ಅವನ ಅಭಿಪ್ರಾಯ. ಸಂಧಿ ಮತ್ತು ವಿಗ್ರಹ ಎರಡರಿಂದಲೂ ಸಮಾನ ಫಲ ಸಿಗುವಂತಿದ್ದರೆ ಸಂಧಿಯನ್ನೇ ಆರಿಸಬೇಕೆಂದೂ ಅವನು ವಿಧಿಸುತ್ತಾನೆ, ಏಕೆಂದರೆ ಯುದ್ಧದಲ್ಲಿ ಹಾನಿ, ಖರ್ಚು, ಪರದೇಶವಾಸದ ಕಷ್ಟಗಳಿವೆ. ಮಹಾಭಾರತದ ಶಾಂತಿಪರ್ವ ಇದೇ ಸಮಸ್ಯೆಯನ್ನು ಗೆದ್ದವನ ದುಃಖದ ಕಡೆಯಿಂದ ನೋಡುತ್ತದೆ. ಬಂಧುಗಳ ಹೆಣಗಳ ಮೇಲೆ ದೊರೆತ ರಾಜ್ಯ ತನಗೆ ಬೇಡವೆನ್ನುವ ಯುಧಿಷ್ಠಿರನನ್ನು ಸಿಂಹಾಸನದ ಮೇಲೆ ಕೂರಿಸಲು ಭೀಷ್ಮನ ದೀರ್ಘ ಉಪದೇಶವೇ ಬೇಕಾಯಿತು.

ಈ ಎರಡು ದಾರಿಗಳು ಕೂಡಿದ್ದು ಅಶೋಕನಲ್ಲಿ. ಅವನ 13ನೇ ಶಿಲಾಶಾಸನದ ಪ್ರಕಾರ ಪಟ್ಟಾಭಿಷೇಕವಾದ 8 ವರ್ಷಗಳ ಮೇಲೆ ನಡೆದ ಕಳಿಂಗ ಯುದ್ಧದಲ್ಲಿ 1,50,000 ಜನರನ್ನು ಸೆರೆಹಿಡಿದು ಒಯ್ಯಲಾಯಿತು, 1,00,000 ಜನ ಕೊಲ್ಲಲ್ಪಟ್ಟರು, ಅದರ ಹಲವು ಪಟ್ಟು ಜನ ಸತ್ತರು. ಗೆದ್ದ ಅರಸನೊಬ್ಬ ತಾನು ಕೊಲ್ಲಿಸಿದವರ ಲೆಕ್ಕವನ್ನು ಪಶ್ಚಾತ್ತಾಪದೊಡನೆ ಕಲ್ಲಿನಲ್ಲಿ ಕೊರೆಸಿದ್ದು ಪ್ರಾಚೀನ ಜಗತ್ತಿನಲ್ಲಿ ಅಪರೂಪ. ಅದೇ ಶಾಸನ ಅಡವಿಯ ಜನರಿಗೆ, ಪಶ್ಚಾತ್ತಾಪಪಟ್ಟರೂ ಅರಸನಿಗೆ ಶಕ್ತಿಯಿದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ. ಧಮ್ಮ ಬಂದ ಮೇಲೂ ದಂಡ ಉಳಿಯಿತು.

ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ 1980ರ ದಶಕದಲ್ಲಿ ಪತ್ತೆಯಾದ ಅಶೋಕನ ಬರಹ ಈ ದೃಷ್ಟಿಯಿಂದ ಬಹಳ ಮುಖ್ಯ. ಅದರಲ್ಲಿ 12 ಮತ್ತು 14ನೇ ಶಾಸನಗಳ ಜೊತೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. 12ನೆಯದು ತನ್ನ ಪಂಥವನ್ನು ಹೊಗಳುವ, ಪರರ ಪಂಥವನ್ನು ತೆಗಳುವ ನಾಲಗೆಗೆ ಸಂಯಮ ಬೇಕೆನ್ನುತ್ತದೆ. ಪ್ರತ್ಯೇಕ ಶಾಸನವಂತೂ ನ್ಯಾಯ ನೋಡುವ ಅಧಿಕಾರಿಗಳನ್ನು ಉದ್ದೇಶಿಸಿದ್ದು. ಎಲ್ಲ ಜನರೂ ತನ್ನ ಮಕ್ಕಳೆಂದು ಸಾರುವ ಅರಸ, ಕಾರಣವಿಲ್ಲದೆ ಯಾರೂ ಸೆರೆಯಾಗಬಾರದು, ಪೀಡೆಗೆ ಗುರಿಯಾಗಬಾರದು ಎಂದು ಹೇಳಿ, ಅಧಿಕಾರಿಯನ್ನು ದಾರಿ ತಪ್ಪಿಸುವ ದೋಷಗಳನ್ನು ಎಣಿಸುತ್ತಾನೆ. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಆಲಸ್ಯ, ದಣಿವು ಅವುಗಳಲ್ಲಿ ಸೇರಿವೆ. ಬುದ್ಧ ಸಾಧಕನ ಮನಸ್ಸಿನಲ್ಲಿ ಹುಡುಕಿದ ಕ್ಲೇಶಗಳನ್ನು ಅಶೋಕ ಆಡಳಿತದ ನಡವಳಿಕೆಯಲ್ಲಿ ಹುಡುಕಿದ. ಅಧಿಕಾರಿಯ ದಣಿವು ಕೂಡ ಪ್ರಜೆಯ ಮೇಲೆ ಹಿಂಸೆಯಾಗಿ ಬೀಳಬಲ್ಲದೆಂಬ ಅರಿವು ಇಂದಿಗೂ ಹಳತಾಗಿಲ್ಲ.

ಚೀನಾದ ವಾದ

ಸ್ವಭಾವದ ಪ್ರಶ್ನೆಯನ್ನು ಅತ್ಯಂತ ಖಚಿತವಾಗಿ ವಾದಕ್ಕೆ ತಂದವರು ಚೀನಾದ ಚಿಂತಕರು. ಕ್ರಿ.ಪೂ. 221ರವರೆಗೆ ಸುಮಾರು ಎರಡೂವರೆ ಶತಮಾನ ಅಲ್ಲಿ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದವು. ಆ ಕಾಲದಲ್ಲೇ ಮೆನ್ಸಿಯಸ್, ಮನುಷ್ಯ ಸ್ವಭಾವತಃ ಒಳ್ಳೆಯವನೆಂದ. ಬಾವಿಗೆ ಬೀಳುತ್ತಿರುವ ಮಗುವನ್ನು ಕಂಡ ಯಾರಿಗೇ ಆಗಲಿ ಎದೆ ಝಲ್ಲೆನ್ನುತ್ತದೆ, ಹೊಗಳಿಕೆಯ ಲೆಕ್ಕಾಚಾರಕ್ಕೆ ಅಲ್ಲಿ ವೇಳೆಯೇ ಇರುವುದಿಲ್ಲ. ಆ ಕರುಣೆಯ ಮೊಳಕೆಯನ್ನು ಬೆಳೆಸಿದರೆ ಸಾಕು ಎಂಬುದು ಅವನ ವಾದ. ಶುನ್‌ತ್ಸು ಇದಕ್ಕೆ ವಿರೋಧಿ. ಬಯಕೆಗೆ ಮಿತಿಯಿಲ್ಲ, ವಸ್ತುಗಳಿಗೆ ಮಿತಿಯಿದೆ, ಹಾಗಾಗಿ ಹುಟ್ಟುಗುಣವನ್ನು ಅದರ ಪಾಡಿಗೆ ಬಿಟ್ಟರೆ ಕಚ್ಚಾಟ ಖಂಡಿತ. ಆದರೆ ಮನುಷ್ಯ ಕಲಿಯಬಲ್ಲ. ಗುರು, ಆಚಾರ, ವಿಧಿಗಳು ಅವನನ್ನು ತಿದ್ದಬಲ್ಲವು. ಆರಂಭದಲ್ಲಿ ಬೇರೆಯಾದ ಇಬ್ಬರೂ ಕೊನೆಗೆ ಶಿಕ್ಷಣದ ಅಗತ್ಯವನ್ನೇ ಒತ್ತಿಹೇಳಿದರು. ಇವರಿಗಿಂತ ಮುಂಚಿನ ಮೋತ್ಸು, ತನ್ನವರ ಮೇಲಿನ ಪಕ್ಷಪಾತವೇ ಯುದ್ಧದ ಮೂಲವೆಂದು ತಿಳಿದು ಸರ್ವರಲ್ಲಿ ಸಮಪ್ರೀತಿಯನ್ನು ಬೋಧಿಸಿದ. ಚೂ ರಾಜ್ಯ ಸುಂಗ್ ರಾಜ್ಯದ ಮೇಲೆ ದಾಳಿಗೆ ಅಣಿಯಾದಾಗ ಹತ್ತು ದಿನ ನಡೆದು ಹೋಗಿ, ಮುತ್ತಿಗೆಯ ಪ್ರತಿಯೊಂದು ತಂತ್ರಕ್ಕೂ ತನ್ನಲ್ಲಿ ಪ್ರತಿತಂತ್ರವಿದೆಯೆಂದು ತೋರಿಸಿ ಅವನು ಯುದ್ಧ ತಪ್ಪಿಸಿದನೆಂದು ಅವನ ಪರಂಪರೆ ಹೇಳುತ್ತದೆ. ಪ್ರೀತಿಯ ಬೋಧಕನಿಗೂ ಕೋಟೆ ಕಾಯುವ ವಿದ್ಯೆ ಬೇಕಾಗಿತ್ತು.

ಭಯ, ಆಸ್ತಿ, ಕಾನೂನು

ಪಶ್ಚಿಮದಲ್ಲಿ ಈ ಚರ್ಚೆಯ ಮೊದಲ ದೊಡ್ಡ ಸಾಕ್ಷಿ ಥೂಸಿಡಿಡೀಸ್. ಕ್ರಿ.ಪೂ. 431ರಿಂದ 404ರವರೆಗೆ ನಡೆದ ಅಥೆನ್ಸ್ ಮತ್ತು ಸ್ಪಾರ್ಟಾಗಳ ಯುದ್ಧದ ಚರಿತ್ರೆ ಬರೆದ ಅವನು, ರಾಜ್ಯಗಳನ್ನು ಯುದ್ಧಕ್ಕೆ ದೂಡುವ ಮೂರು ಪ್ರೇರಣೆಗಳನ್ನು ಗುರುತಿಸಿದ: ಭಯ, ಮಾನ, ಲಾಭ. ಕಾರ್ಸೈರಾದ ಒಳಜಗಳದ ವರ್ಣನೆಯಲ್ಲಿ, ಅಂತರ್ಯುದ್ಧದ ಬಿಸಿಯಲ್ಲಿ ದುಡುಕು ಧೈರ್ಯವೆನಿಸಿಕೊಂಡು ವಿವೇಕ ಹೇಡಿತನವೆನಿಸಿಕೊಂಡ ಬಗೆಯನ್ನು ಅವನು ದಾಖಲಿಸಿದ್ದಾನೆ.

ಥೂಸಿಡಿಡೀಸನನ್ನು 1629ರಲ್ಲಿ ಇಂಗ್ಲಿಷಿಗೆ ತಂದ ಥಾಮಸ್ ಹಾಬ್ಸ್, ತನ್ನ ನಾಡಿನ ಅಂತರ್ಯುದ್ಧದ ಕಾಲದಲ್ಲಿ ಪ್ಯಾರಿಸಿನಲ್ಲಿ ಆಶ್ರಯ ಪಡೆದಿದ್ದ. 1651ರ ಲೆವಯಥನ್ ಗ್ರಂಥದಲ್ಲಿ ಅವನು ಹೇಳಿದ ಕಲಹದ ಕಾರಣಗಳೂ ಮೂರೇ: ಸ್ಪರ್ಧೆ, ಅಪನಂಬಿಕೆ, ಕೀರ್ತಿ. ಇವುಗಳಲ್ಲಿ ಅಪನಂಬಿಕೆಯ ವಿಶ್ಲೇಷಣೆ ಅವನ ನಿಜವಾದ ಕೊಡುಗೆ. ಇಬ್ಬರೂ ಕೆಟ್ಟವರಾಗಿರಬೇಕಿಲ್ಲ, ಎದುರಿನವನು ಮೊದಲು ಹೊಡೆದಾನೆಂಬ ಸಂಶಯವೊಂದೇ ಇಬ್ಬರನ್ನೂ ಆಯುಧಕ್ಕೆ ಕೈಹಾಕಿಸುತ್ತದೆ. ಎಲ್ಲರೂ ಅಂಜುವ ಒಂದು ಸಾರ್ವಭೌಮ ಶಕ್ತಿ ಮಾತ್ರ ಈ ಸಂಶಯವನ್ನು ನೀಗಬಲ್ಲದೆಂದು ಅವನು ತೀರ್ಮಾನಿಸಿದ. ಆ ಶಕ್ತಿಯೇ ಹಿಂಸೆಗಿಳಿದರೆ ಪ್ರಜೆಗೆ ದಿಕ್ಕೇನು ಎಂಬ ಪ್ರಶ್ನೆಗೆ ಅವನ ಉತ್ತರ ಯಾರಿಗೂ ಸಮಾಧಾನ ಕೊಟ್ಟಿಲ್ಲ.

ರೂಸೋ 1755ರಲ್ಲಿ ಪ್ರಕಟಿಸಿದ ಅಸಮಾನತೆಯ ಮೂಲದ ಕುರಿತ ಪ್ರಬಂಧದಲ್ಲಿ ಹಾಬ್ಸನ ವಾದವನ್ನು ತಿರುಗಿಸಿದ. ಆದಿಮಾನವನಲ್ಲಿ ಸ್ವಂತ ಉಳಿವಿನ ಕಾಳಜಿಯ ಜೊತೆಗೆ ಪರರ ನೋವಿಗೆ ಮಿಡಿಯುವ ಕರುಣೆಯೂ ಇತ್ತು. ಭೂಮಿಗೆ ಬೇಲಿ ಬಿದ್ದು, ಒಬ್ಬನನ್ನು ಇನ್ನೊಬ್ಬನ ಜೊತೆ ಹೋಲಿಸಿ ಅಳೆಯುವ ಚಟ ಹುಟ್ಟಿದ ಮೇಲೆ ವೈರ ಬೇರೂರಿತು. ಹಾಬ್ಸ್ ನಾಗರಿಕ ಮನುಷ್ಯನ ರೋಗಗಳನ್ನು ಆದಿಮಾನವನ ಮೇಲೆ ಹೊರಿಸಿದ್ದಾನೆಂಬುದು ರೂಸೋನ ಆಕ್ಷೇಪ.

ಇಮ್ಯಾನ್ಯುಯಲ್ ಕಾಂಟ್ ಇಬ್ಬರನ್ನೂ ದಾಟಿ ನಡೆದ. ಜೊತೆಗಿರಲು ಬಯಸುವುದೂ ಜೊತೆಗಾರರನ್ನು ಸಹಿಸದಿರುವುದೂ ಮನುಷ್ಯನಲ್ಲಿ ಒಟ್ಟಿಗೆ ಇವೆಯೆಂದು 1784ರಲ್ಲಿ ಹೇಳಿದ ಅವನು, 1795ರಲ್ಲಿ ಶಾಶ್ವತ ಶಾಂತಿಯ ಕುರಿತ ತನ್ನ ಕಿರುಹೊತ್ತಿಗೆಯನ್ನು ಒಪ್ಪಂದಪತ್ರದ ರೂಪದಲ್ಲೇ ಬರೆದ. ಮುಂದಿನ ಯುದ್ಧಕ್ಕೆ ಗುಟ್ಟಾಗಿ ಅವಕಾಶ ಉಳಿಸಿಕೊಂಡ ಸಂಧಿ ಸಂಧಿಯಲ್ಲ. ಖಾಯಂ ಸೇನೆಗಳು ಕ್ರಮೇಣ ಇಲ್ಲವಾಗಬೇಕು. ಯುದ್ಧ ನಡೆಯುವಾಗಲೂ ಮುಂದಿನ ನಂಬಿಕೆಯನ್ನು ನಾಶಮಾಡುವ ಕೃತ್ಯಗಳು ಕೂಡದು. ಇಂಥ ಆರು ಪೂರ್ವನಿಯಮಗಳ ಮೇಲೆ ಮೂರು ಮುಖ್ಯ ನಿಯಮಗಳು ನಿಂತಿವೆ: ಪ್ರಜೆಗಳ ಪ್ರತಿನಿಧಿಗಳುಳ್ಳ ಗಣರಾಜ್ಯ, ಸ್ವತಂತ್ರ ರಾಜ್ಯಗಳ ಒಕ್ಕೂಟ, ಪರದೇಶದವನನ್ನು ಶತ್ರುವಿನಂತೆ ಕಾಣದ ಅತಿಥಿಹಕ್ಕು. ಯುದ್ಧದ ಖರ್ಚು ಮತ್ತು ಸಾವು ಯಾರ ಪಾಲಿಗೆ ಬರುತ್ತದೋ ಅವರ ಒಪ್ಪಿಗೆ ಕೇಳಬೇಕಾದ ಸರ್ಕಾರ ಯುದ್ಧಕ್ಕೆ ಹಿಂಜರಿಯುತ್ತದೆ ಎಂಬುದು ಅವನ ತರ್ಕ. ಬುದ್ಧಿಯುಳ್ಳ ಪಿಶಾಚಿಗಳ ಸಮೂಹಕ್ಕೂ ಸರಿಯಾದ ರಾಜ್ಯವ್ಯವಸ್ಥೆ ಸಾಧ್ಯವೆಂಬ ಅವನ ಮಾತು ಈ ಸುದೀರ್ಘ ವಾದವನ್ನೇ ಬೇರೆ ನೆಲೆಗೆ ಒಯ್ಯಿತು. ಮನುಷ್ಯ ದೇವರಾಗುವವರೆಗೆ ಶಾಂತಿ ಕಾಯಬೇಕಿಲ್ಲ.

ವಿಜ್ಞಾನದ ಸಾಕ್ಷ್ಯ

1932ರ ಜುಲೈನಲ್ಲಿ, ರಾಷ್ಟ್ರಸಂಘಕ್ಕೆ ಸೇರಿದ ಸಂಸ್ಥೆಯೊಂದರ ಆಹ್ವಾನದ ಮೇರೆಗೆ, ಆಲ್ಬರ್ಟ್ ಐನ್‌ಸ್ಟೈನ್ ಸಿಗ್ಮಂಡ್ ಫ್ರಾಯ್ಡ್‌ಗೆ ಪತ್ರ ಬರೆದು, ಯುದ್ಧದ ಶಾಪದಿಂದ ಮನುಕುಲವನ್ನು ಬಿಡಿಸುವ ದಾರಿಯುಂಟೇ ಎಂದು ಕೇಳಿದರು. ಸೆಪ್ಟೆಂಬರ್‌ನಲ್ಲಿ ಉತ್ತರಿಸಿದ ಫ್ರಾಯ್ಡ್, ಕೂಡಿಸುವ ಪ್ರವೃತ್ತಿಯಂತೆ ಕೆಡವುವ ಪ್ರವೃತ್ತಿಯೂ ಮನುಷ್ಯನಲ್ಲಿದೆ, ಅದನ್ನು ಬೇರುಸಹಿತ ಕೀಳಲಾಗದು, ಆದರೆ ಪರಸ್ಪರ ಬಾಂಧವ್ಯವನ್ನು ಬೆಳೆಸುವ ಎಲ್ಲವೂ ಯುದ್ಧಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತವೆ ಎಂದರು. ಪತ್ರಗಳು ಪ್ರಕಟವಾದ 1933ರಲ್ಲೇ ಹಿಟ್ಲರ್ ಅಧಿಕಾರಕ್ಕೆ ಬಂದ. ಇಬ್ಬರೂ ಮುಂದೆ ಸ್ವದೇಶ ಬಿಡಬೇಕಾಯಿತು.

ಪುರಾತತ್ತ್ವದ ಸಾಕ್ಷ್ಯ ಎರಡೂ ಕಡೆಗೆ ವಾಲುತ್ತದೆ. ಕೀನ್ಯಾದ ನಟರುಕ್‌ನಲ್ಲಿ ಸುಮಾರು 10,000 ವರ್ಷ ಹಿಂದಿನ 27 ಜನರ ಅವಶೇಷಗಳು ಸಿಕ್ಕಿದ್ದು, ಹಲವರು ಬರ್ಬರ ಹಿಂಸೆಯಿಂದ ಸತ್ತ ಗುರುತುಗಳಿವೆ. ಬೇಟೆಯಾಡಿ ಬದುಕುತ್ತಿದ್ದವರಲ್ಲಿ ಹಿಂಸೆಯೇ ಇರಲಿಲ್ಲವೆನ್ನಲು ಇದರಿಂದ ಕಷ್ಟವಾಗಿದೆ. ಆದರೆ ಕೋಟೆ, ಸಾಮೂಹಿಕ ಸಮಾಧಿ, ಯುದ್ಧಾಯುಧಗಳ ಪುರಾವೆ ದಟ್ಟವಾಗುವುದು ಬೇಸಾಯ, ದಾಸ್ತಾನು, ನೆಲೆನಿಂತ ಊರುಗಳ ಕಾಲದಲ್ಲಿ. ಪ್ರಾಣಿಲೋಕದಲ್ಲೂ ಚಿತ್ರ ಇಬ್ಬಗೆಯದು. ಟಾಂಜಾನಿಯಾದ ಗೊಂಬೆ ಎಂಬಲ್ಲಿ 1974ರಿಂದ 1978ರವರೆಗೆ ಒಂದು ಚಿಂಪಾಂಜಿ ಗುಂಪು ತನ್ನಿಂದ ಬೇರೆಯಾದ ಗುಂಪಿನ ಗಂಡುಗಳನ್ನು ಒಂದೊಂದಾಗಿ ಮುಗಿಸಿದ್ದನ್ನು ಜೇನ್ ಗುಡಾಲ್ ಮತ್ತು ಸಂಗಡಿಗರು ದಾಖಲಿಸಿದರು. ಮನುಷ್ಯನಿಗೆ ಅಷ್ಟೇ ಹತ್ತಿರದ ಬೊನೊಬೊ ವಾನರಗಳಲ್ಲಿ ಅಂಥ ಸಂಹಾರ ಕಂಡುಬಂದಿಲ್ಲ. ಜಗಳವಾಡಿದ ಚಿಂಪಾಂಜಿಗಳು ಆಮೇಲೆ ತಬ್ಬಿ ರಾಜಿಯಾಗುವುದನ್ನು ಫ್ರಾನ್ಸ್ ಡಿ ವಾಲ್ ತೋರಿಸಿದರು.

ಗುಂಪುಗಾರಿಕೆಯ ಬಗ್ಗೆ ಹೆಸರಾದ ಪ್ರಯೋಗ ಮುಜಫರ್ ಶೆರಿಫ್ ಅವರದು. 1954ರಲ್ಲಿ ಅಮೆರಿಕದ ಓಕ್ಲಹೋಮದ ಬೇಸಗೆ ಶಿಬಿರದಲ್ಲಿ 22 ಬಾಲಕರನ್ನು ಎರಡು ತಂಡ ಮಾಡಿ ಪಂದ್ಯಗಳನ್ನಿಟ್ಟಾಗ ಬೈಗುಳ, ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಶುರುವಾಯಿತು. ಸುಮ್ಮನೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಜಗಳ ಇನ್ನೂ ಹೆಚ್ಚಿತು. ನೀರಿನ ಪೂರೈಕೆ ನಿಂತಾಗ, ಊಟ ತರಬೇಕಾದ ಟ್ರಕ್ ಕೆಟ್ಟಾಗ ಇಬ್ಬರೂ ಕೂಡಿ ದುಡಿಯಬೇಕಾಗಿ ಬಂದ ಮೇಲೆ ವೈರ ಇಳಿಯಿತು. ಆದರೆ ಹಿಂದಿನ ವರ್ಷದ ಇಂಥದೇ ಶಿಬಿರದಲ್ಲಿ ಮೊದಲೇ ಸ್ನೇಹ ಬೆಳೆಸಿದ್ದ ಹುಡುಗರು ಪರಸ್ಪರ ಹಗೆಗಳಾಗಲು ಒಪ್ಪದೆ ಆ ಪ್ರಯೋಗ ಅರ್ಧಕ್ಕೇ ನಿಂತಿತ್ತು. ಇದೂ ಅಷ್ಟೇ ದೊಡ್ಡ ಪಾಠ. 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಯೇಲ್‌ನಲ್ಲಿ ಆರಂಭಿಸಿದ ಪ್ರಯೋಗಗಳು ಇನ್ನೊಂದು ಮುಖ ತೋರಿಸಿದವು. ಹೆಸರಾದ ಮೊದಲ ವರದಿಯ 40 ಜನರಲ್ಲಿ 26 ಜನ, ಅಧಿಕಾರಿಯ ಅಪ್ಪಣೆಯಂತೆ, ಇನ್ನೊಬ್ಬನಿಗೆ 450 ವೋಲ್ಟ್ ವಿದ್ಯುದಾಘಾತ ಕೊಡುತ್ತಿದ್ದೇವೆಂದು ನಂಬಿ ಕೊನೆಯವರೆಗೂ ಗುಂಡಿ ಒತ್ತಿದರು. ದೊಡ್ಡ ಹಿಂಸೆಗೆ ದ್ವೇಷಕ್ಕಿಂತ ವಿಧೇಯತೆ ಸಾಕು ಎಂಬ ಕಳವಳ ಅಲ್ಲಿಂದ ಹುಟ್ಟಿತು. 1986ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ವಿವಿಧ ಶಾಸ್ತ್ರಗಳ ವಿದ್ವಾಂಸರು ಹೊರಡಿಸಿದ ಹೇಳಿಕೆ, ಯುದ್ಧ ನಮ್ಮ ವಂಶವಾಹಿಗಳಲ್ಲೇ ಬರೆದಿದೆಯೆಂಬ ವಾದ ವೈಜ್ಞಾನಿಕವಲ್ಲವೆಂದು ಸಾರಿತು. ಹಿಂಸೆಯ ಸಾಮರ್ಥ್ಯ ಸಹಜ, ಯುದ್ಧ ಅನಿವಾರ್ಯವಲ್ಲ ಎಂಬುದೇ ಈವರೆಗಿನ ಸಾಕ್ಷ್ಯಗಳ ಒಟ್ಟು ಸಾರ.

ಶಾಂತಿ ಎಂದರೇನು

ಗುಂಡಿನ ಸದ್ದು ನಿಂತ ಮಾತ್ರಕ್ಕೆ ಶಾಂತಿಯೇ? ನಾರ್ವೆಯ ಯೋಹಾನ್ ಗಾಲ್ಟುಂಗ್ 1969ರಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದರು. ಯಾರೂ ಕೈಯೆತ್ತದಿದ್ದರೂ ತಡೆಯಬಹುದಾದ ಹಸಿವು, ರೋಗ, ಅವಮಾನಗಳಿಗೆ ಜನರನ್ನು ಗುರಿಮಾಡುವ ವ್ಯವಸ್ಥೆಯನ್ನು ಅವರು ರಚನಾತ್ಮಕ ಹಿಂಸೆ ಎಂದು ಕರೆದು, ಹೊಡೆದಾಟವಿಲ್ಲದ ಸ್ಥಿತಿಯನ್ನು ನ್ಯಾಯವುಳ್ಳ ಶಾಂತಿಯಿಂದ ಬೇರ್ಪಡಿಸಿದರು. ಭಾರತದಲ್ಲಿ ಈ ಅರಿವು ಹೋರಾಟದ ರೂಪದಲ್ಲಿ ಮೊದಲೇ ಬಂದಿತ್ತು. 1927ರ ಮಾರ್ಚ್‌ನಲ್ಲಿ ಮಹಾಡ್‌ನ ಚೌಡರ್ ಕೆರೆಯ ನೀರು ಮುಟ್ಟಲು ಬಿ.ಆರ್. ಅಂಬೇಡ್ಕರ್ ಸಾವಿರಾರು ಜನರೊಡನೆ ಹೊರಟಾಗ, ಅಲ್ಲಿಯವರೆಗೆ ಆ ಊರಿನಲ್ಲಿದ್ದ ನೆಮ್ಮದಿ ಯಾರ ಬಾಯಾರಿಕೆಯ ಮೇಲೆ ನಿಂತಿತ್ತೆಂಬುದು ಬಯಲಾಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಸಾಮಾಜಿಕ ಮತ್ತು ಆರ್ಥಿಕ ಅಸಮಾನತೆ ಮುಂದುವರಿದರೆ ರಾಜಕೀಯ ಪ್ರಜಾಪ್ರಭುತ್ವಕ್ಕೇ ಅಪಾಯವೆಂದು ಎಚ್ಚರಿಸಿದರು. ಅದಕ್ಕೂ ಶತಮಾನಗಳ ಹಿಂದೆ, 12ನೇ ಶತಮಾನದ ಕಲ್ಯಾಣದ ಶರಣರು ಕಾಯಕ, ದಾಸೋಹಗಳ ಮೂಲಕ ದುಡಿಮೆಗೆ ಮಾನವನ್ನೂ ಗಳಿಕೆಗೆ ಹಂಚಿಕೆಯನ್ನೂ ಜೋಡಿಸಿದ್ದರು.

ಅನ್ಯಾಯವನ್ನು ಹಿಂಸೆಯಿಲ್ಲದೆ ಎದುರಿಸುವುದು ಹೇಗೆ ಎಂಬುದಕ್ಕೆ ಗಾಂಧೀಜಿಯ ಸತ್ಯಾಗ್ರಹ ಉತ್ತರವಾಗಿ ಬಂತು. 1906ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾದ ಈ ವಿಧಾನ ಕಲಹವನ್ನು ಮುಚ್ಚಿಡುವುದಿಲ್ಲ, ಬೆಳಕಿಗೆ ತರುತ್ತದೆ. ಆದರೆ ಎದುರಾಳಿಯನ್ನು ಶತ್ರುವಾಗಿಸುವುದಿಲ್ಲ. 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಪೊಲೀಸರ ಹತ್ಯೆಯಾದಾಗ ಗಾಂಧೀಜಿ ದೇಶವ್ಯಾಪಿ ಚಳವಳಿಯನ್ನೇ ನಿಲ್ಲಿಸಿದ್ದು, ಸಾಧನ ಕೆಟ್ಟರೆ ಗುರಿಯೂ ಕೆಡುತ್ತದೆಂಬ ನಂಬಿಕೆಯಿಂದ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಹಿಂಸಾತ್ಮಕ ಚಳವಳಿಗಳ ಯಶಸ್ಸು ಶೇ. 53, ಸಶಸ್ತ್ರ ಹೋರಾಟಗಳದ್ದು ಶೇ. 26. ಹೆಚ್ಚು ಜನ ಪಾಲ್ಗೊಳ್ಳಬಹುದಾದ ಹೋರಾಟಕ್ಕೆ ಬಲವೂ ಹೆಚ್ಚು ಎಂಬುದು ಅವರ ವಿವರಣೆ.

ಕಟ್ಟಿದ ಶಾಂತಿ

ಇಪ್ಪತ್ತನೇ ಶತಮಾನ ಶಾಂತಿಯನ್ನು ಕಟ್ಟುವ ಹಲವು ಪ್ರಯತ್ನಗಳನ್ನು ಕಂಡಿತು. 1928ರ ಕೆಲಾಗ್–ಬ್ರಿಯಾಂಡ್ ಒಪ್ಪಂದ ಯುದ್ಧವನ್ನು ಕಾಗದದ ಮೇಲೆ ನಿಷೇಧಿಸಿತು. ಅದನ್ನು ಜಾರಿಗೆ ತರುವ ಶಕ್ತಿಯಿಲ್ಲದೆ 11 ವರ್ಷಗಳಲ್ಲಿ ಮಹಾಯುದ್ಧ ಬಂತು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ಇನ್ನು ನಾಲ್ಕು ದೇಶಗಳು ಆಯುಧ ತಯಾರಿಕೆಯ ಮೂಲವಾದ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ಮೂರು ತಲೆಮಾರು ಕಾದಾಡಿದ ನೆರೆಯವರ ನಡುವೆ ಯುದ್ಧ ಅಸಂಭವವಾಗುವಂತೆ ಮಾಡಿದ್ದು ಇಂಥ ದೈನಂದಿನ ಪರಸ್ಪರಾವಲಂಬನೆ. ವರ್ಣಭೇದ ನೀತಿ ಕೊನೆಗೊಂಡ ಮೇಲೆ ದಕ್ಷಿಣ ಆಫ್ರಿಕಾ ಡೆಸ್ಮಂಡ್ ಟುಟು ನೇತೃತ್ವದ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ಪೀಡಿತರು ಮಾತಾಡುವಂತೆ, ಪೀಡಕರು ಪೂರ್ಣ ಸತ್ಯ ಹೇಳಿದರೆ ಕ್ಷಮಾದಾನ ಕೋರಬಹುದಾದಂತೆ ಏರ್ಪಾಡು ಮಾಡಿತು. ಪೀಡಿತರಿಗೆ ಸಿಕ್ಕ ಪರಿಹಾರ ಸಾಲದೆಂಬ ಅಸಮಾಧಾನ ಇಂದಿಗೂ ಇದೆ. ಸತ್ಯ ಹೇಳಿದರೆ ನ್ಯಾಯದ ಅರ್ಧ ಮಾತ್ರ ಸಂದಂತೆ.

ಕರ್ನಾಟಕ ಮತ್ತು ತಮಿಳುನಾಡುಗಳ ನಡುವಿನ ಕಾವೇರಿ ನೀರಿನ ವಿವಾದವೂ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯ. 1892 ಮತ್ತು 1924ರ ಒಪ್ಪಂದಗಳ ಹಿನ್ನೆಲೆಯಿರುವ ಈ ವಿವಾದಕ್ಕೆ 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 1991ರ ಮಧ್ಯಂತರ ಆದೇಶದ ನಂತರ ಗಲಭೆಗಳಲ್ಲಿ ಪ್ರಾಣಹಾನಿಯಾಯಿತು, ತಮಿಳು ಮಾತಾಡುವ ಅನೇಕ ಕುಟುಂಬಗಳು ಮನೆ ಬಿಟ್ಟು ಓಡಬೇಕಾಯಿತು. 2007ರಲ್ಲಿ ಅಂತಿಮ ತೀರ್ಪು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಆದೇಶ, ಅದೇ ವರ್ಷ ನಿರ್ವಹಣಾ ಪ್ರಾಧಿಕಾರ ಬಂದವು. ಈ ನಡುವೆ 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ವೇದಿಕೆಯಲ್ಲಿ ಕೂಡಿ ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿ ಬಂದರು. ಮಳೆ ಕೈಕೊಟ್ಟ ವರ್ಷ ಕಾವು ಮತ್ತೆ ಏರುತ್ತದೆ. ಆದರೂ ಕ್ಯುಸೆಕ್ ಲೆಕ್ಕದ ವಾದ ಪ್ರಾಧಿಕಾರದ ಸಭೆಯಲ್ಲಿ ನಡೆದಷ್ಟೂ ಬೀದಿಯಲ್ಲಿ ಬಡವರ ಅಂಗಡಿ ಸುಡುವ ಸಂಭವ ಕಡಿಮೆ. ಕಲಹ ಇಲ್ಲವಾಗಿಲ್ಲ, ಅದಕ್ಕೆ ಕೂತು ಮಾತಾಡುವ ಜಾಗ ಸಿಕ್ಕಿದೆ.

ಉಳಿದ ಭಿನ್ನಮತಗಳು

ಹಿಂಸೆ ಚರಿತ್ರೆಯುದ್ದಕ್ಕೂ ಇಳಿಯುತ್ತಾ ಬಂದಿದೆಯೆಂದು ಸ್ಟೀವನ್ ಪಿಂಕರ್ 2011ರಲ್ಲಿ ವಾದಿಸಿದರು. ಮಹಾಯುದ್ಧಗಳು ಅಪರೂಪವಾದ್ದರಿಂದ ಕೆಲವು ದಶಕಗಳ ಶಾಂತಿ ಏನನ್ನೂ ಸಾಬೀತುಪಡಿಸದು, ಅಣುಬಾಂಬಿನ ಕಾಲದಲ್ಲಿ ಒಂದು ತಪ್ಪು ಸಾಕು ಎಂದು ಟೀಕಾಕಾರರು ಉತ್ತರಿಸಿದ್ದಾರೆ. ಅಹಿಂಸೆಯ ಮಿತಿ, ಆತ್ಮರಕ್ಷಣೆಯ ಯುದ್ಧದ ನ್ಯಾಯ, ಕ್ಷಮೆ ಮತ್ತು ಶಿಕ್ಷೆಗಳ ಪ್ರಮಾಣ ಕುರಿತ ವಾದಗಳೂ ತೀರಿಲ್ಲ. ಆದರೆ ಬೇರೆಬೇರೆ ಕಾಲದೇಶಗಳ ಚಿಂತಕರು ಕಲಹದ ಕಾರಣಗಳಾಗಿ ಮತ್ತೆ ಮತ್ತೆ ಹೆಸರಿಸಿದವು ಕೆಲವೇ: ದುರಾಸೆ, ಭಯ, ಮಾನದ ಹಟ, ಅನ್ಯಾಯ. ದುರಾಸೆಗೆ ಸಂಯಮ ಮತ್ತು ಹಂಚಿಕೆ, ಭಯಕ್ಕೆ ಇಬ್ಬರೂ ನಂಬುವ ಕಾನೂನು, ಮಾನದ ಹಟಕ್ಕೆ ನಾಲಗೆಯ ಎಚ್ಚರ ಮತ್ತು ಪರಸ್ಪರ ಗೌರವ, ಅನ್ಯಾಯಕ್ಕೆ ಅಹಿಂಸೆಯ ಹೋರಾಟ ಮತ್ತು ಸತ್ಯದ ಒಪ್ಪಿಗೆ ಮದ್ದುಗಳೆಂದು ಅವರು ಸೂಚಿಸಿದ್ದಾರೆ. ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಬಿಟ್ಟ ಪ್ರಯತ್ನಗಳು ಕುಸಿದಿವೆ. ನ್ಯಾಯವಿಲ್ಲದ ದಂಡ ದಬ್ಬಾಳಿಕೆಯಾಗಿದೆ, ವ್ಯವಸ್ಥೆಯ ಬೆಂಬಲವಿಲ್ಲದ ಸದ್ಭಾವನೆ ಮೊದಲ ಬಿಕ್ಕಟ್ಟಿಗೇ ಸೋತಿದೆ. ಮನುಷ್ಯ ಸ್ವಭಾವ ಈ ಮದ್ದುಗಳನ್ನು ತಿರಸ್ಕರಿಸುವುದೂ ಇಲ್ಲ, ಕಲಿಸದೆ ಸ್ವೀಕರಿಸುವುದೂ ಇಲ್ಲ. ಆದ್ದರಿಂದ ಪ್ರತಿ ತಲೆಮಾರೂ ಶಾಂತಿಯನ್ನು ಕಲಿಯಬೇಕು ಮತ್ತು ಅದನ್ನು ನಿಲ್ಲಿಸುವ ಸಂಸ್ಥೆಗಳನ್ನು ದುರಸ್ತಿ ಮಾಡುತ್ತಲೇ ಇರಬೇಕು.